ಬೂದು ಬಣ್ಣ ಹುಡುಕಿದ ಎರಡು ವರ್ಷ

ನಾನು ಮಾಡುವ ವಿಮಾನಗಳನ್ನು ನೋಡಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ಹಾರುತ್ತಾ?" ಇಲ್ಲ ಎನ್ನುತ್ತೇನೆ. "ಮತ್ತೆ?" ಎನ್ನುತ್ತಾರೆ. ಐವತ್ತೇಳು ತುಂಬಿದರೂ ಆ 'ಮತ್ತೆ'ಗೆ ಉತ್ತರ ನನಗಿನ್ನೂ ಸಿಕ್ಕಿಲ್ಲ. ಡಬ್ಬಿಯೊಳಗಿನ ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಯುದ್ಧವಿಮಾನ ಮಾಡಿ ಗಾಜಿನ ಕಪಾಟಿನಲ್ಲಿಡುತ್ತೇನೆ, ಅಷ್ಟೇ. ಬಸವೇಶ್ವರನಗರದ ನಮ್ಮ ಮನೆಯ ಬೆಲ್ ಸದ್ದಾದರೆ ಅರ್ಧ ಅಂಟಿಸಿದ ವಿಮಾನದ ಮೇಲೆ ಪೇಪರು ಹೊದಿಸಿ, ಓದುತ್ತಿದ್ದವನ ಹಾಗೆ ಕನ್ನಡಕ ಸರಿಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿ ಗೀತಾಗೆ ಆ ಮುಚ್ಚುಮರೆ ಇಲ್ಲ. "ನಮ್ಮೆಜಮಾನ್ರದ್ದು ಊಟದ ಟೇಬಲ್ ಮೇಲೆ ಲ್ಯಾಂಡಿಂಗು. ಅದಕ್ಕೇ ನಾವು ನೆಲದ ಮೇಲೆ ಕೂತ್ಕೊಂಡು ತಿಂತೀವಿ," ಎಂದು ಬಂದವರಿಗೆ ಹೇಳಿಬಿಡುತ್ತಾಳೆ.

ನನ್ನ ವಿಮಾನಗಳ ಅಳತೆ ಅಸಲಿನ ಎಪ್ಪತ್ತೆರಡರಲ್ಲಿ ಒಂದು ಪಾಲು. ಎಪ್ಪತ್ತೆರಡೇ ಯಾಕೆ, ದುಂಡಗೆ ನೂರು ಯಾಕಲ್ಲ ಎಂದು ನಾನೂ ತಲೆ ಕೆಡಿಸಿಕೊಂಡಿದ್ದೆ. ಲೆಕ್ಕ ಸುಲಭವಿದೆ. ಆರಡಿ ಎತ್ತರದ ಆಳು ಎಂದರೆ ಎಪ್ಪತ್ತೆರಡು ಇಂಚು. ಈ ಅಳತೆಯಲ್ಲಿ ಅವನು ಸರಿಯಾಗಿ ಒಂದಿಂಚು. ನಾನು ಐದಡಿ ನಾಲ್ಕಿಂಚಿನವನು, ಒಂದಿಂಚಿಗೂ ಕಮ್ಮಿ ಬೀಳುತ್ತೇನೆ. ಬಣ್ಣದ ವಿಚಾರ ಇನ್ನೂ ನಾಜೂಕು. ದೂರದ ಬೆಟ್ಟದ ಬಣ್ಣ ತೆಳುವಾಗಿ ಕಾಣುತ್ತದಲ್ಲ, ದೂರದ ವಿಮಾನದ್ದೂ ಹಾಗೆಯೇ. ಪುಟ್ಟ ವಿಮಾನವೆಂದರೆ ದೂರದಿಂದ ಕಂಡ ವಿಮಾನವೇ. ಆದ್ದರಿಂದ ಅಸಲಿ ವಿಮಾನದ ಬಣ್ಣವನ್ನೇ ತಂದು ಪುಟ್ಟದಕ್ಕೆ ಹಚ್ಚಿದರೆ ಕಪ್ಪಾದಂತೆ ಕಾಣುತ್ತದೆ. ಕೆಲವು ಹನಿ ಬಿಳಿ ಬೆರೆಸಬೇಕು. ಎಷ್ಟು ಹನಿ ಎಂಬ ವಾದದಲ್ಲಿ ಮಾತು ಬಿಟ್ಟವರು ಈ ಹವ್ಯಾಸದ ನಮ್ಮ ಪೈಕಿ ಇದ್ದಾರೆ. ನನಗಂತೂ ಇದು ಕೆಲಸದಿಂದ ಅಂಟಿಕೊಂಡ ಚಾಳಿ. ಕಾಮಾಕ್ಷಿಪಾಳ್ಯದ ಒಂದು ಟೂಲ್ ರೂಮಿನಲ್ಲಿ ನಾನು ಇನ್‌ಸ್ಪೆಕ್ಷನ್ ನೋಡುವವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಕಬ್ಬಿಣದ ತುಂಡನ್ನು ವಾಪಸು ಕಳಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಅದೇ ಟೂಲ್ ರೂಮಿನ ಸ್ಟೋರ್ಸ್ ನೋಡಿಕೊಳ್ಳಲು ಬಂದವರು ಪಾಟೀಲರು. ಧಾರವಾಡದ ಕಡೆಯವರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು, ಹಣೆಯ ಮೇಲೆ ಸದಾ ವಿಭೂತಿ. ಮೊದಲು ವಾಯುಸೇನೆಯಲ್ಲಿದ್ದರು, ಹಾರುವವರಾಗಿ ಅಲ್ಲ, ನೆಲದ ಮೇಲೆ ವಿಮಾನ ನೋಡಿಕೊಳ್ಳುವವರಾಗಿ. ಈ ವಿಷಯ ತಿಳಿದ ಭಾನುವಾರವೇ ಅವರನ್ನು ಮನೆಗೆ ಕರೆದೆ. ಕೊನೆಗೂ ನನ್ನ ಕೆಲಸದ ಬೆಲೆ ಬಲ್ಲ ಒಬ್ಬ ಮನುಷ್ಯ ಸಿಕ್ಕನೆಂದು ಹಿಗ್ಗಿ, ಕಪಾಟಿನಿಂದ ನನ್ನ ಅತ್ಯುತ್ತಮ ವಿಮಾನವನ್ನು ತೆಗೆದು ಅವರ ಮುಂದಿಟ್ಟೆ. ಅದರ ಹೊಟ್ಟೆಯ ಮೇಲೆ ಎಣ್ಣೆ ಸೋರಿದ ಕಲೆ, ಬಾಲದ ಬಳಿ ಹೊಗೆಯ ಮಸಿ, ರೆಕ್ಕೆಯ ಮೇಲೆ ಬೂಟಿನ ಗುರುತು, ಎಲ್ಲವನ್ನೂ ತಿಂಗಳುಗಟ್ಟಲೆ ಕೂತು ಮೂಡಿಸಿದ್ದೆ. ಪಾಟೀಲರು ಅದನ್ನು ಹೊರಳಿಸಿ ನೋಡಿದರು.

"ಏನ್ರೀ ಮೂರ್ತಿಯವರ, ಇಷ್ಟ ಹೊಲಸ?" ಎಂದರು. "ಇದನ್ನ ಒರಸದ ನಾ ಊಟಕ್ಕ ಎದ್ದಿದ್ರ, ನಮ್ಮ ಸಾಹೇಬ್ರು ಇದರ ಜೋಡಿ ನನ್ನೂ ತೊಳದ ಬಿಡ್ತಿದ್ರು."

ಒಳಗಿನಿಂದ ಗೀತಾ ನಕ್ಕಿದ್ದು ಕೇಳಿಸಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಮೇಲೆ ಪಾಟೀಲರು ಪ್ರತಿ ಭಾನುವಾರವೂ ಬರುತ್ತಿದ್ದರು.

ಪಾಟೀಲರು ಕೆಲಸ ಬಿಟ್ಟು ಮಲ್ಲತ್ತಹಳ್ಳಿಯ ಮನೆಯಲ್ಲೇ ಇರತೊಡಗಿದ ಮೇಲೆ ಒಂದು ದಿನ ನನಗೆ ಫೋನ್ ಮಾಡಿದರು. "ಮೂರ್ತಿಯವರ, ನನಗೊಂದು ಮಿಗ್ ವಿಮಾನ ಮಾಡಿ ಕೊಡ್ರಿ. ಹನ್ನೊಂದ ವರ್ಷ ಅದರ ಜೋಡಿ ಇದ್ದೆ, ಒಂದ ಫೋಟೋ ಇಲ್ಲ. ಒಳಗ ಕ್ಯಾಮೆರಾ ಬಿಡ್ತಿದ್ದಿಲ್ಲ. ಈಗ ಕಣ್ಣಿಗೆ ಗ್ಲಾಕೋಮಾ ಆಗೈತಿ, ಭಾಳ ದಿನ ನಡ್ಯಂಗಿಲ್ಲ ಅಂದಾರ ಡಾಕ್ಟರು. ಅಷ್ಟರಾಗ ಒಮ್ಮೆ ನೋಡಬೇಕ್ರಿ."

ಖಂಡಿತ ಎಂದೆ. ಎರಡು ತಿಂಗಳಲ್ಲಿ ಕೊಡ್ತೀನಿ ಎಂದೆ. ಆ ದಿನ ಹಾಗೆಯೇ ಅಂದುಕೊಂಡಿದ್ದೆ ಕೂಡ.

ಅಂಟಿಸುವ ಕೆಲಸ ಮೂರು ವಾರದಲ್ಲೇ ಮುಗಿಯಿತು. ತಡವಾದದ್ದು ಬೂದು ಬಣ್ಣದಿಂದ. ಒಂದು ಚಿತ್ರದಲ್ಲಿ ಆ ವಿಮಾನ ನೀಲಿಗೆ ತಿರುಗಿದ ಬೂದು, ಇನ್ನೊಂದರಲ್ಲಿ ಹಸಿರಿಗೆ ತಿರುಗಿದ ಬೂದು, ಮತ್ತೊಂದರಲ್ಲಿ ಹಳೆಯ ಸ್ಟೀಲ್ ಪಾತ್ರೆಯ ಬಣ್ಣ. ಹೊರದೇಶದಿಂದ ಬಣ್ಣದ ಸೀಸೆ ತರಿಸಿದೆ. ಬಳಿದೆ, ಒಪ್ಪಿಗೆಯಾಗಲಿಲ್ಲ, ಉಜ್ಜಿ ತೆಗೆದೆ. ಮತ್ತೆ ಬಳಿದೆ. ಪಾಟೀಲರು ತಿಂಗಳಿಗೊಮ್ಮೆ "ಆತೇನ್ರಿ?" ಎಂದು ಕೇಳುತ್ತಿದ್ದರು. ಒಮ್ಮೆ, ಬಣ್ಣ ಸರಿ ಬರ್ತಾ ಇಲ್ಲ ಎಂದಾಗ, "ನನ್ನ ವಿಭೂತಿ ನೋಡೀರಲ್ಲ? ಅದರಾಗ ಚೂರು ಮಸಿ ಕಲಸ್ರಿ. ಅದ ಬಣ್ಣ," ಎಂದು ನಕ್ಕರು. ನಾನು ಅದನ್ನು ತಮಾಷೆ ಎಂದುಕೊಂಡೆ. ಒಂದು ಮಳೆಗಾಲ ಹೋಯಿತು, ಇನ್ನೊಂದೂ ಹೋಯಿತು. ನಡುವೆ ಎಂದೋ ಅವರ ಫೋನ್ ಬರುವುದು ನಿಂತಿತು. ನಾನೂ ಮಾಡಲಿಲ್ಲ.

"ಅವ್ರಿಗೆ ಕಣ್ಣು ಕಾಣ್ತಿರೋವಾಗ್ಲೇ ಕೊಟ್ಟು ಬನ್ರೀ," ಎಂದು ಗೀತಾ ಎಷ್ಟು ಸಲ ಹೇಳಿದಳೋ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಇತ್ತು. ನನ್ನ ವಿಮಾನಗಳನ್ನು ನೋಡಿದವರಲ್ಲಿ ಅಸಲಿಯನ್ನು ಮುಟ್ಟಿದವರು ಅವರೊಬ್ಬರೇ. ಮುಗಿಸಿ ಕೊಟ್ಟರೆ ತಪ್ಪು ಹಿಡಿಯುತ್ತಾರೆ. ಟೇಬಲ್ ಮೇಲೆ ಇರುವಷ್ಟು ದಿನ ಅದರಲ್ಲಿ ತಪ್ಪೇ ಇರುವುದಿಲ್ಲ. ಒಬ್ಬರ ಕಣ್ಣು ಆರುತ್ತಿದೆ ಎಂದು ಗೊತ್ತಿದ್ದೂ ನಾನು ಹನಿ ಎಣಿಸುತ್ತ ಕೂತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಬಣ್ಣ ಸಿಕ್ಕಿತು. ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ, ವಿಮಾನವನ್ನು ಮಲಗಿಸಿ, ರಸ್ತೆಯ ಪ್ರತಿ ಉಬ್ಬಿಗೂ ಆಟೋದವರಿಗೆ "ನಿಧಾನ ಅಣ್ಣಾ" ಎನ್ನುತ್ತ ಮಲ್ಲತ್ತಹಳ್ಳಿಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ ಶಾಂತಕ್ಕ. ಒಳಗೆ ಕುರ್ಚಿಯಲ್ಲಿ ಕೂತಿದ್ದ ಪಾಟೀಲರು ನನ್ನ ದನಿ ಕೇಳಿ, "ಬರ್ರಿ ಮೂರ್ತಿಯವರ," ಎಂದು ಕಿಟಕಿಯ ಕಡೆ ನೋಡಿ ನಕ್ಕರು. ನಾನು ಕಿಟಕಿಯ ಬಳಿ ಇರಲಿಲ್ಲ.

ತಂದದ್ದೇನೆಂದು ಹೇಳಿದೆ. ಅವರು ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಸೋಪು ಹಾಕಿ ಕೈ ತೊಳೆದು ಬಂದರು. ಬೆರಳುಗಳು ಬಾಲದಿಂದ ಶುರುವಾಗಿ ಮುಂದೆ ಬಂದವು. ಮೂತಿಯ ಮುಂದೆ ಚಾಚಿದ ಸೂಜಿಯಂಥ ನಳಿಕೆ ಇನ್ನೇನು ತಗಲಬೇಕು ಎನ್ನುವಾಗ ತಾವಾಗಿಯೇ ನಿಂತವು. "ಇದು ಭಾಳ ಮಂದಿ ಹಣಿ ಒಡದೈತ್ರಿ," ಎಂದರು. ಆಮೇಲೆ ಬಹಳ ಮರ್ಯಾದೆಯಿಂದ, "ಬಣ್ಣಾ ನುಣ್ಣಗ ಬಂದೈತಿ," ಎಂದರು. ನನ್ನ ಎರಡು ವರ್ಷಕ್ಕೆ ಸಿಕ್ಕ ಮಾತು ಅದೊಂದೇ.

ಬೆರಳುಗಳು ಪೈಲಟ್ ಕೂರುವ ಜಾಗದ ಎಡಗಡೆಗೆ ಬಂದು ತಡಕಾಡಿದವು.

"ಏಣಿ ಎಲ್ಲೈತ್ರಿ?"

ಪ್ಲಾಸ್ಟಿಕ್ ತುಂಡುಗಳ ಡಬ್ಬಿಯಲ್ಲಿ ಒಂದು ಏಣಿಯೂ ಬಂದಿತ್ತು. ವಿಮಾನದ ಅಂದ ಕೆಡುತ್ತದೆಂದು ನಾನೇ ಅದನ್ನು ಕಸದ ಬುಟ್ಟಿಗೆ ಹಾಕಿದ್ದೆ. ಹಾಗೆಂದು ಹೇಳಿದೆ.

"ಅದ ನನ್ನ ಜಾಗಾ ರೀ," ಎಂದರು ಪಾಟೀಲರು. "ಏಣಿ ಮ್ಯಾಲ ನಿಂತು ಪೈಲಟ್ ಸಾಹೇಬ್ರಿಗೆ ಬೆಲ್ಟ್ ಬಿಗೀತಿದ್ದೆ. ಹೆಗಲ ತಟ್ಟಿ ಇಳದು, ಏಣಿ ತಗೀತಿದ್ದೆ. ಅಷ್ಟರ ಮ್ಯಾಲ ಅವರನ್ನ ಯಾರೂ ಮುಟ್ಟಂಗಿಲ್ಲ. ವಾಪಸ್ ಬಂದಾಗ ಏಣಿ ಹಚ್ಚಾಂವನೂ ನಾನ."

ಮನೆಯಲ್ಲಿ ಸಣ್ಣ ಕಡ್ಡಿಗಳೇನಾದರೂ ಇವೆಯೇ ಎಂದು ಕೇಳಿದೆ. ಶಾಂತಕ್ಕ ದೇವರ ಗೂಡಿನಿಂದ ನಾಲ್ಕು ಊದುಬತ್ತಿ ತಂದು ಕೊಟ್ಟರು. ಕೆಂಪು ಕಡ್ಡಿಗಳನ್ನು ಉಗುರು ಕತ್ತರಿಯಲ್ಲಿ ತುಂಡರಿಸಿ, ದಾರಿಯಲ್ಲಿ ಏನಾದರೂ ಕಿತ್ತರೆ ಎಂದು ಜೇಬಿನಲ್ಲಿಟ್ಟುಕೊಂಡಿದ್ದ ಅಂಟಿನಿಂದ ಅಲ್ಲೇ ಒಂದು ಏಣಿ ಮಾಡಿದೆ. ಕಾಲು ಗಂಟೆಯ ಕೆಲಸ. ಮೆಟ್ಟಿಲುಗಳು ಸೊಟ್ಟ, ಎರಡು ಕಾಲುಗಳ ಉದ್ದ ಬೇರೆ ಬೇರೆ. ಟೂಲ್ ರೂಮಿಗೆ ಬಂದಿದ್ದರೆ ನೋಡದೆಯೇ ವಾಪಸು ಕಳಿಸುತ್ತಿದ್ದೆ. ಪಾಟೀಲರು ಅದನ್ನು ಎರಡು ಬೆರಳಲ್ಲಿ ಹಿಡಿದು, ಒಂದೇ ಸಲಕ್ಕೆ ಅದರ ಜಾಗಕ್ಕೆ ಒರಗಿಸಿದರು. ತೆಗೆದರು. ಮತ್ತೆ ಒರಗಿಸಿದರು. ಶಾಂತಕ್ಕ ಇಟ್ಟ ಚಹಾ ಆರಿಹೋಯಿತು.

ನಾನು ತಡೆಯಲಾರದೆ ಅಂದೆ: "ಪಾಟೀಲ್ರೇ, ಏಣಿ ಕೊಡಿ. ಸರಿಯಾದ ಬಣ್ಣ ಹಚ್ಚಿ ತಂದುಕೊಡ್ತೀನಿ."

ಅವರು ಏಣಿಯನ್ನು ಅಂಗೈಯೊಳಗೆ ಮುಚ್ಚಿಕೊಂಡರು. "ಬ್ಯಾಡ್ರೀ ಮೂರ್ತಿಯವರ," ಎಂದು ನಕ್ಕರು. "ನೀವು ಬಣ್ಣಾ ಹುಡುಕೂದ್ರಾಗ ಈ ಬೆರಳೂ ಹೋಗಿಬಿಟ್ರ ನಾ ಏನ ಮಾಡ್ಲಿ?"