ಸಂತೆಯಿಂದ ಕೊಟ್ಟ ಮಿಸ್ಡ್ ಕಾಲ್

ಪಂಚನಹಳ್ಳಿಯ ಅಳಿಯ ಖಗೇಂದ್ರನ ಕಥೆಯನ್ನು ಹೇಳಲೇಬೇಕು. ತನ್ನ ತಪ್ಪಿನಿಂದಲೇ ಅವನು ಸತ್ತ ಎಂದು ಊರು ಮಾತಾಡುತ್ತಿದೆ. ಅದು ಸುಳ್ಳು. ಮಾವ ನಂಜುಂಡಪ್ಪನಿಗೆ ಅದು ಮೊದಲ ದಿನದಿಂದಲೂ ಗೊತ್ತಿತ್ತು.

ಖಗೇಂದ್ರ ನೇಪಾಳದವನು. ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಅಲ್ಲೇ ಕೆಲಸಕ್ಕಿದ್ದ ನಯನಳನ್ನು ಮದುವೆಯಾದ. ಕೊರೋನಾ ವರ್ಷ ಹೆಂಡತಿ, ಮಗಳ ಜೊತೆ ಮಾವನ ಮನೆಗೆ ಬಂದವನು ಇಲ್ಲಿಂದಲೇ ಕೆಲಸ ಮಾಡುತ್ತ ಉಳಿದುಬಿಟ್ಟ.

"ನಂಜುಂಡಪ್ಪ ಮನೆ ಕಾಯಕ್ಕೆ ಗೂರ್ಖನ್ನ ಇಟ್ಕಂಡವ್ನೆ" ಎಂದು ಜನ ನಕ್ಕರು. ನಂಜುಂಡಪ್ಪ ಒಂದು ವರ್ಷ ಅಳಿಯನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಖಗೇಂದ್ರ ಮಾತ್ರ ಎಲ್ಲರಿಗೂ ಬಹುವಚನ. ಕರುವಿಗೂ "ಬನ್ನಿ, ನೀರು ಕುಡೀರಿ" ಅನ್ನುತ್ತಿದ್ದ. ಬೆಳಗ್ಗೆ ಮಗಳಿಗೆ ಜಡೆ ಹಾಕಿ, ಸ್ಕೂಲ್ ಬಸ್ಸು ಹತ್ತಿಸಿ, ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದ.

ಕರೆಂಟ್ ಬಂದಾಗಲೆಲ್ಲ ಮಾವ ತೆಂಗಿನ ತೋಟಕ್ಕೆ ಓಡುವುದನ್ನು ನೋಡಿ, ಬೋರ್‌ವೆಲ್ ಸ್ಟಾರ್ಟರ್‌ಗೆ ತಾನೇ ಮಾಡಿದ ಒಂದು ಡಬ್ಬಿ ಕೂರಿಸಿದ. ಕರೆಂಟ್ ಬಂದರೆ ಮಾವನ ಫೋನಿಗೆ ಮೆಸೇಜ್. ಮಾವ ಮಿಸ್ಡ್ ಕಾಲ್ ಕೊಟ್ಟರೆ ಆಫ್ ಇದ್ದ ಸ್ಟಾರ್ಟರ್ ತಾನೇ ಆನ್ ಆಗಿ ಮೋಟಾರು ಶುರು. ಅವತ್ತಿನಿಂದ ನಂಜುಂಡಪ್ಪನ ಬಾಯಲ್ಲಿ "ನಮ್ಮ ಅಳಿಯಂದ್ರು" ಎಂಬ ಮಾತು ಬಂತು.

ಹೋದ ವರ್ಷ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಇಲಿ ಕಡಿದ ಮೋಟಾರಿನ ಕೇಬಲ್ ಜೋಡಿಸಲು ಖಗೇಂದ್ರ ತೋಟಕ್ಕೆ ಹೋದ. ಕರೆಂಟ್ ಇರಲಿಲ್ಲ. ಸ್ಟಾರ್ಟರ್ ಆಫ್ ಮಾಡಿದ, ಫ್ಯೂಸ್ ಕೀಳಲಿಲ್ಲ. ಫ್ಯೂಸ್ ಕೀಳದೆ ಕೈ ಹಾಕುವುದು ಇಲ್ಲಿಯವರ ರೂಢಿ. ಊರಿನದೆಲ್ಲ ಕಲಿತವನು ಅದನ್ನೂ ಕಲಿತಿದ್ದ.

ನಂಜುಂಡಪ್ಪ ಆಗ ಸಿಂಗಟಗೆರೆ ಸಂತೆಯಲ್ಲಿ ಗೆಳೆಯ ಕಲ್ಲೇಶಪ್ಪನ ಜೊತೆ ಟೀ ಕುಡಿಯುತ್ತಿದ್ದ. ಮೆಸೇಜ್ ಬಂತು.

"ಕರೆಂಟ್ ಬಂತು ಕಣೋ. ಇಲ್ಲಿಂದ್ಲೇ ತೋಟಕ್ಕೆ ನೀರು ಬಿಡ್ತೀನಿ, ನೋಡ್ತಿರು."

"ಲೇ, ಬುರುಡೆ ಬಿಡಬ್ಯಾಡ."

ನಂಜುಂಡಪ್ಪ ಫೋನ್ ಒತ್ತಿದ.

"ಸ್ಟಾರ್ಟರ್ ಆಫ್ ಮಾಡ್ದೆ ಕೈ ಹಾಕವ್ನೆ" ಎಂದಿತು ಊರು. ನಯನಳೂ ಅದನ್ನೇ ನಂಬಿದಳು. "ಅಷ್ಟು ಓದ್ಕೊಂಡು, ಆಫ್ ಮಾಡಿದೀನಾ ಅಂತ ಒಂದ್ಸಲ ನೋಡಕ್ಕಾಗ್ಲಿಲ್ವಾ ನಿಂಗೆ?" ಎಂದು ಗಂಡನ ಫೋಟೋಗೆ ಬೈಯುವಳು. ಹೂವು ಇಡುತ್ತಿರಲಿಲ್ಲ. ನಂಜುಂಡಪ್ಪ ಗೋಡೆ ಕಡೆ ತಿರುಗಿ ಕೂರುವನು. ಹೇಳಿದರೆ ಮಗಳೂ ಕೈ ತಪ್ಪುತ್ತಾಳೆ ಎಂಬ ಭಯ.

ವರ್ಷದ ತಿಥಿಯ ಹಿಂದಿನ ದಿನ ನಯನ ಊಟ ಬಡಿಸುವಾಗ ನಂಜುಂಡಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ.

"ಅವತ್ತು ಮಿಸ್ಡ್ ಕಾಲ್ ಕೊಟ್ಟಿದ್ದು ನಾನು ಕಣವ್ವ. ಸಂತೆಯಿಂದ."

"ತೋಟಕ್ಕೆ ನೀರು ಬೇಕಿತ್ತಾ?"

"ಇಲ್ಲ. ಕಲ್ಲೇಶಪ್ಪಂಗೆ ತೋರ್ಸಕ್ಕೆ."

ನಯನ ಸಾರಿನ ಸೌಟು ಕೆಳಗಿಟ್ಟಳು. "ಏನಂದ್ರು ಅವ್ರು?"

"ನಿನ್ನಳಿಯ ಗಟ್ಟಿಗ ಕಣೋ, ಅಂದ."

ಅವಳು ಎದ್ದು ಒಳಗೆ ಹೋದಳು. ಮರುದಿನ ಗಂಡನ ಫೋಟೋಗೆ ಹೂವಿಟ್ಟಳು. ಅಪ್ಪ ಎಂದು ಕರೆಯುವುದು ಅವತ್ತಿಗೇ ನಿಂತಿತು. ತಟ್ಟೆ ಇಡುತ್ತಾಳೆ, ಮಾತ್ರೆ ಕೊಡುತ್ತಾಳೆ. ಮಾತಿಲ್ಲ.

ನಂಜುಂಡಪ್ಪ ಊರಿಗೂ ಹೇಳಿದ. ಯಾರೂ ನಂಬಲಿಲ್ಲ. ಅಳಿಯನ ಹೆಸರು ಉಳಿಸಲು ಮುದುಕ ತಾನೇ ಹೊತ್ತುಕೊಳ್ಳುತ್ತಿದ್ದಾನೆ ಎಂದರು. ಕಲ್ಲೇಶಪ್ಪ ಬಾಯಿ ಬಿಡುವುದಿಲ್ಲ.

ಕಡೂರಿನ ಕಡೆ ಬಂದರೆ ಪಂಚನಹಳ್ಳಿಗೆ ಬನ್ನಿ, ಅಪ್ಪ ಮಗಳಿಬ್ಬರನ್ನೂ ಕಾಣಿ. ನಂಜುಂಡಪ್ಪನಿಗೆ ಸಮಾಧಾನ ಹೇಳಬೇಡಿ, ಅದು ಅವನಿಗೆ ತಾಗುವುದಿಲ್ಲ. ಅವನು ಹೇಳುವುದನ್ನು ಪೂರ್ತಿ ಕೇಳಿ, ನಂಬಿದೆ ಅನ್ನಿ.