ಹೆಸರಿಲ್ಲದವರ ಕಾದಂಬರಿ ಮತ್ತು ನಮ್ಮ ರುದ್ರಸ್ವಾಮಿ ಮೇಷ್ಟ್ರು

ಗಡಿಯಾಚೆ ತಮಿಳುನಾಡಿಗೆ ಸೇರಿ ನಾಡಿನ ನಕ್ಷೆಯಿಂದ ಹೊರಗುಳಿದೂ ನುಡಿಯ ಒಳಗೇ ಬಾಳುತ್ತ ಬಂದಿರುವ ತಾಳವಾಡಿ ಸೀಮೆಯಲ್ಲಿ ಮೂವತ್ತಮೂರು ವರ್ಷ ಕನ್ನಡ ಪಂಡಿತರಾಗಿ ದುಡಿದು, ಈ ವರ್ಷದ ಮೇ ತಿಂಗಳ ಕೊನೆಗೆ ನಿವೃತ್ತರಾದ ಶ್ರೀ ರುದ್ರಸ್ವಾಮಿಯವರನ್ನು ಇಲ್ಲಿನ ಜನ ಮೇಷ್ಟ್ರೆಂದು ಬಲ್ಲರು. ದೂರದ ಓದುಗರು ‘ಕೊಡ ತುಂಬುವ ಹೊತ್ತು’ ಎಂಬ ಒಂದೇ ಒಂದು ಕಾದಂಬರಿಯ ಕರ್ತೃವೆಂದು ಬಲ್ಲರು. ಪದ್ಯವೋ ಗದ್ಯವೋ ಎಂದು ಹೇಳಲಾಗದಂತೆ ಹರಿಯುವ ಆ ಆತ್ಮಕಥನದ ಸಂಕೇತಗಳನ್ನೂ ಆದಿಬಿಂಬಗಳನ್ನೂ ಕುರಿತು ಈ ಅಭಿನಂದನ ಸಂಪುಟದಲ್ಲಿ ವಿದ್ವಾಂಸರು ಬರೆದಿದ್ದಾರೆ. ನಾನು ಅವರ ವಿದ್ಯಾರ್ಥಿನಿ. ಆಮೇಲೆ ಒಂಬತ್ತು ವರ್ಷ ಅವರ ಪಕ್ಕದ ತರಗತಿಯಲ್ಲಿ ಪಾಠ ಹೇಳಿದವಳು. ಆ ಪುಸ್ತಕದಿಂದ ಮೇಷ್ಟ್ರಿಗೂ ಅವರ ಅಕ್ಕನಿಗೂ ನಡುವೆ ಏನಾಯಿತು, ಅದರಲ್ಲಿ ನನ್ನ ತಪ್ಪೆಷ್ಟು ಎಂಬುದನ್ನು ಮಾತ್ರ, ಇಬ್ಬರ ಅಪ್ಪಣೆಯನ್ನೂ ಪಡೆದು, ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೇಷ್ಟ್ರು ಗೆಟ್ಟವಾಡಿಯವರು. ತಂದೆ ಚಿಕ್ಕಬಸಪ್ಪನವರಿಗೆ ಮಳೆಯನ್ನೇ ನೆಚ್ಚಿದ ನಾಲ್ಕು ಎಕರೆ ಹೊಲ. ರಾಗಿ, ಅವರೆ, ಹುಚ್ಚೆಳ್ಳು. ಮೇಷ್ಟ್ರಿಗೆ ಮೂರು ತುಂಬುವ ಮೊದಲೇ ತಾಯಿ ತೀರಿಕೊಂಡರು. ಎಂಟು ವರ್ಷ ದೊಡ್ಡವರಾದ ಅಕ್ಕ ಪುಟ್ಟನಂಜಮ್ಮನವರು ಮೂರನೆಯ ತರಗತಿಗೇ ಶಾಲೆ ಬಿಟ್ಟು ತಮ್ಮನನ್ನು ಸೊಂಟಕ್ಕೂ ಕೊಡವನ್ನು ತಲೆಗೂ ಏರಿಸಿಕೊಂಡರು. ಊರ ಕೆಳಗಿನ ಮೆಟ್ಟಿಲ ಬಾವಿಯಿಂದ ಮನೆಗೆ ಏರುದಾರಿ. ಆ ದಾರಿಯಲ್ಲಿ ಅಕ್ಕ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದಳೆಂದು ಎಣಿಸಿ ಎಣಿಸಿಯೇ ತಮಗೆ ಲೆಕ್ಕ ಬಂದದ್ದು ಎಂದು ಮೇಷ್ಟ್ರು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದರು.

ಅವರು ಸೇವೆಗೆ ಸೇರಿದ್ದು ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ. ನಾನು ಒಂಬತ್ತನೆಯ ತರಗತಿಗೆ ಬಂದ ವರ್ಷ ಕನ್ನಡ ಪಠ್ಯಪುಸ್ತಕ ದೀಪಾವಳಿ ಕಳೆದರೂ ಕೈಗೆ ಬಂದಿರಲಿಲ್ಲ. ಎಲ್ಲಿಂದಲೋ ಒಂದೇ ಒಂದು ಪ್ರತಿ ತಂದ ಮೇಷ್ಟ್ರು ಅದರ ಹೊಲಿಗೆ ಬಿಚ್ಚಿ, ಪಾಠಗಳನ್ನು ಬೇರೆಬೇರೆ ಮಾಡಿ, ನಮ್ಮ ನಮ್ಮ ಕೈಗಳಿಂದಲೇ ನಕಲು ಮಾಡಿಸಿದರು. ನನಗೆ ಬಂದ ಪಾಠದಲ್ಲಿ ನಾನು ಎರಡು ಸಾಲು ಹಾರಿಸಿಬಿಟ್ಟಿದ್ದೆ. ನನ್ನ ನಕಲನ್ನೇ ನೋಡಿ ಬರೆದುಕೊಂಡ ನಲವತ್ತು ಮಕ್ಕಳೂ ಆ ಎರಡು ಸಾಲಿಲ್ಲದೆಯೇ ಕಲಿತರು. ಪರೀಕ್ಷೆಯಲ್ಲಿ ಅಲ್ಲಿಂದಲೇ ಪ್ರಶ್ನೆ ಬಂತು. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಬಿಟ್ಟ ಸಾಲುಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದು ವರ್ಷ ಮುಗಿಯುವವರೆಗೆ ಅಳಿಸದೆ ಉಳಿಸಿದರು, ಅಷ್ಟೇ.

ಸಂಜೆ ಶಾಲೆ ಬಿಟ್ಟ ಮೇಲೆ ಅವರ ಜಗುಲಿ ಇನ್ನೊಂದು ಕಚೇರಿ. ತಮಿಳು ಆಡಲು ಬಂದರೂ ಬರೆಯಲು ಬಾರದ ನಮ್ಮ ಜನ ತಾಸಿಲ್ದಾರರಿಗೆ ಕೊಡುವ ಮನುಗಳನ್ನು, ಅಂದರೆ ತಮಿಳಿನ ಅರ್ಜಿಗಳನ್ನು, ಅವರಿಂದಲೇ ಬರೆಸುತ್ತಿದ್ದರು. ಕಾಗದದ ಮೇಲೆ ಪೆನ್ನಿಡುವ ಮೊದಲು ಮೇಷ್ಟ್ರು ಬಂದವರ ಹೆಸರು, ತಂದೆಯ ಹೆಸರು, ತಾತನ ಹೆಸರು, ಹೊಲದ ನಾಲ್ಕು ದಿಕ್ಕಿನವರ ಹೆಸರು ಎಲ್ಲವನ್ನೂ ಸಾವಧಾನವಾಗಿ ಕೇಳಿ ಬರೆದುಕೊಳ್ಳುತ್ತಿದ್ದರು. ನಾನು ಶಿಕ್ಷಕಿಯಾಗಿ ಅದೇ ಶಾಲೆಗೆ ಬಂದ ಮೊದಲ ವಾರ ಅವರು ನನಗೆ ಹೇಳಿಕೊಟ್ಟದ್ದೂ ಅದನ್ನೇ: ಹಾಜರಿ ಕರೆಯುವಾಗ ಅಂಕಿ ಕೂಗಬೇಡ, ಹೆಸರು ಕೂಗು.

ಇಂಥವರು ಬರೆದ ಕಾದಂಬರಿಯಲ್ಲಿ ಒಂದೂ ಹೆಸರಿಲ್ಲ. ಎರಡು ಸಾವಿರದ ಐದರಲ್ಲಿ ಅದು ಮೈಸೂರಿನಲ್ಲಿ ಅಚ್ಚಾಗಿ ಬಂತು. ಕತೆ ಹೇಳುವ ಮಗುವಿಗೆ ಹೆಸರಿಲ್ಲ; ಅಪ್ಪ ‘ಕಂಬಳಿಯವನು’. ಎರಡು ರಾಜ್ಯಗಳ ನಡುವೆ ಕುಳಿತು ಒಗಟಿನಲ್ಲಿ ಮಾತಾಡುವ ಜ್ಞಾನಿ ‘ಗಡಿಕಲ್ಲಿನ ಮುದುಕ’. ಮಗು ಹಸಿದಾಗಲೆಲ್ಲ ಅದಕ್ಕಿಂತ ಮುಂದೆ ಹೋಗಿ ಪರರ ಮನೆಯಲ್ಲಿ ಉಂಡು ಬರುವ ‘ನೆರಳು’. ಇವರೆಲ್ಲರ ನಡುವೆ, ಹದಿನೇಳು ಅಧ್ಯಾಯಗಳ ಉದ್ದಕ್ಕೂ ಬಾವಿಗೆ ಇಳಿಯುತ್ತ ಏರುತ್ತ, ಒಂದು ಮಾತನ್ನೂ ಆಡದೆ ನಡೆಯುವವಳು ‘ನೀರಿನವಳು’. ಬಾವಿಯ ಮೆಟ್ಟಿಲಲ್ಲಿ ಜಾರಿದವಳು ತನ್ನ ಮೈಯನ್ನು ಕಾಯದೆ ಕೊಡವನ್ನು ಎದೆಗವಚಿಕೊಂಡು ಬೀಳುವುದೂ, ಒಡೆದ ಮಂಡಿಯಿಂದ ರಕ್ತ ಇಳಿಯುತ್ತಿದ್ದರೂ ತುಂಬಿದ ಕೊಡವನ್ನೇ ಮಗುವಿನ ಮುಂದೆ ಇಳಿಸುವುದೂ ಕಾದಂಬರಿಯ ಶಿಖರವೆಂದು ಎಲ್ಲರೂ ಒಪ್ಪಿದ ಭಾಗ. ಭೂಮಿ ತಾನೇ ಎದ್ದು ನಡೆದಂತಿದೆ ಎಂದು ವಿಮರ್ಶಕರೊಬ್ಬರು ಬರೆದರು.

ಗೆಟ್ಟವಾಡಿಗೂ ಸುದ್ದಿ ಮುಟ್ಟಿತು. ಗಡಿಯ ಕಲ್ಲಿನ ಮೇಲೆ ಕುಳಿತು ಆಡು ಮೇಯಿಸುವ ರಾಚಪ್ಪನಿಗೆ ತಾನು ಪುಸ್ತಕದಲ್ಲಿ ಜ್ಞಾನಿಯಾಗಿರುವುದು ತಿಳಿದು, ಸಿಕ್ಕವರಿಗೆಲ್ಲ ಹೇಳತೊಡಗಿದ. “ನನ್ನ ಕಲ್ ಮ್ಯಾಲ ಕೂರ್ಸವ್ರ ಕಣ್ಲಾ ಮೇಷ್ಟ್ರು. ಆಡ್ನ ಮಾತ್ರ ಬುಟ್ಬುಟ್ಟವ್ರ. ಅವ ಇಲ್ದೆ ನಂಗ ಯಾವ ಬುದ್ಧಿನೂ ಒಳಿಯಾಕಿಲ್ಲ.”

ಪುಟ್ಟನಂಜಮ್ಮನವರು ಓದು ಬಾರದವರು. ತಮ್ಮನೇ ಬಂದು ಓದಿ ಹೇಳಲೆಂದು ಒಂದು ತಿಂಗಳು ಕಾದರು. ಸಂಕೋಚದ ಪ್ರಾಣಿಯಾದ ಮೇಷ್ಟ್ರು ಓದಲಿಲ್ಲ. ಕೊನೆಗೆ ಒಂದು ಭಾನುವಾರ ಪುಟ್ಟನಂಜಮ್ಮನವರೇ ನನ್ನನ್ನು ಕರೆಸಿಕೊಂಡರು. ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತ ಅವರಿಗೆ ಎರಡು ಅಧ್ಯಾಯ ಓದಿದೆ. ಕೈ ನಿಲ್ಲಿಸದೆಯೇ ಅವರು ಕೇಳಿದರು: “ಈ ನೀರ್ನೋಳು ಅಂದ್ರ ಯಾರು ಕೂಸ?”

ಆಗಷ್ಟೇ ಅಂಚೆಯ ಮೂಲಕ ಎಂ.ಎ. ಮುಗಿಸಿದ ಹುರುಪು ನನ್ನದು. ಕಲಿತದ್ದನ್ನೆಲ್ಲ ಬಿಚ್ಚಿದೆ. “ಅದು ನೀವಲ್ಲ ದೊಡ್ಡವ್ವ, ಒಂದು ಸಂಕೇತ. ನಿಜವಾಗಿ ಅದು ಯಾರೂ ಅಲ್ಲ, ಲೋಕದ ಎಲ್ಲ ತಾಯಂದಿರೂ ಹೌದು” ಎಂದೆ. ಅವರನ್ನು ದೊಡ್ಡವರನ್ನಾಗಿ ಮಾಡಿದೆನೆಂದೇ ನನ್ನ ನಂಬಿಕೆ.

ಬೀಜ ಬಿಡಿಸುತ್ತಿದ್ದ ಕೈ ನಿಂತಿತು. “ಎಲ್ರೂ ಅಂದ್ರ ಯಾರೂ ಅಲ್ಲ ಅಂತ್ಲೇ ಕಣ ಕೂಸ. ತಾಸಿಲ್ದಾರಂಗ ಬರ್ಯ ಮನುಗ ಊರ್ನೋರ್ ತಾತನ್ ಎಸ್ರ ಕೇಳ್ತನಲ್ಲ ನಿಮ್ಮ ಮೇಷ್ಟ್ರು, ಒಡುಟ್ಟಿದೋಳ ಎಸ್ರ ಒಂದ್ ಭಾರ್ವಾಗೋಯ್ತಾ?”

ನಾನು ಮಾಡಿದ ಅನಾಹುತ ಎಷ್ಟೆಂದು ತಿಳಿಯಬೇಕಾದರೆ ಅವರು ಯಾರೆಂಬುದನ್ನು ಹೇಳಬೇಕು. ಸುತ್ತಲಿನ ಊರುಗಳ ಮದುವೆಗಳಲ್ಲಿ ಅರಿಶಿಣ ಹಚ್ಚುವಾಗ ಸೋಬಾನೆಯ ಸೊಲ್ಲೆತ್ತುವವರು ಪುಟ್ಟನಂಜಮ್ಮನವರೇ. ಆ ಹಾಡಿನಲ್ಲಿ ಸಾಲಿಗೊಂದು ಜಾಗ ಖಾಲಿ ಇರುತ್ತದೆ. ಅರಿಶಿಣ ಅರೆದವಳು, ನೀರು ತಂದವಳು, ಹಸೆ ಬರೆದವಳು, ಒಬ್ಬೊಬ್ಬರ ಹೆಸರನ್ನೂ ಆ ಜಾಗಕ್ಕೆ ಹಾಕಿ ಹಾಡಬೇಕು. ಮನೆಯವರು ಯಾರನ್ನಾದರೂ ದೂರ ಮಾಡಿದ್ದರೆ ಅವರನ್ನು ಬಾಯಿಬಿಟ್ಟು ಹೊರಗಟ್ಟುವುದಿಲ್ಲ. ಅವರ ಹೆಸರನ್ನು ಹಾಡಿಗೆ ಹಾಕದೆ ಮುಂದಕ್ಕೆ ಹೋಗುತ್ತಾರೆ. ಅಂಥವರು ಎದ್ದು, ಉಣ್ಣದೆ, ಸದ್ದಿಲ್ಲದೆ ಮನೆಗೆ ನಡೆಯುತ್ತಾರೆ. ನಲವತ್ತು ವರ್ಷ ಆ ಹಾಡು ಹಾಡಿದವರಿಗೆ ಹದಿನೇಳು ಅಧ್ಯಾಯದ ಪುಸ್ತಕವನ್ನು ಬೇರೆ ಹೇಗೆ ಕೇಳಿಸಿಕೊಳ್ಳಲು ಬರುತ್ತದೆ?

ಅವರು ಜಗಳವಾಡಲಿಲ್ಲ. ತಾಳವಾಡಿಗೆ ಬಂದರೂ ತಮ್ಮನ ಮನೆಯ ಹೊಸಿಲು ದಾಟುತ್ತಿರಲಿಲ್ಲ. ತಮ್ಮನೇ ಹೋದರೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, “ಕೂತ್ಕಳಿ ಮೇಷ್ಟ್ರೆ” ಎನ್ನುತ್ತಿದ್ದರು. ಹೆತ್ತ ತಾಯಿಯ ಜಾಗದಲ್ಲಿದ್ದು ‘ಲೇ’ ಎಂದೇ ಕರೆದವರ ಬಾಯಲ್ಲಿ ಆ ಬಹುವಚನ ಕೇಳಿ ಬಂದ ದಿನ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯಲೇ ಇಲ್ಲ.

ನಾನು ಆಡಿದ ಮಾತನ್ನು ಮೇಷ್ಟ್ರಿಗೆ ಒಪ್ಪಿಸಲು ನನಗೆ ಆರು ತಿಂಗಳು ಬೇಕಾಯಿತು. ನೀನು ಹೇಳಿದ್ದು ವಿಮರ್ಶೆಯಾಗಿ ಸರಿಯೇ ಇದೆಯಮ್ಮ, ನಾನು ಬರೆದದ್ದೂ ಹಾಗೇ ಎಂದರು. ಅಕ್ಕನಿಗೆ ಹೆಸರು ಕೊಟ್ಟರೆ ಅವಳು ಗೆಟ್ಟವಾಡಿಯ ಒಬ್ಬ ಹೆಂಗಸಾಗಿ ಚಿಕ್ಕವಳಾಗುತ್ತಾಳೆಂದು ಹೆದರಿ, ತಮಗೆ ತಿಳಿದ ಅತಿ ದೊಡ್ಡ ಪೀಠದ ಮೇಲೆ ಕೂರಿಸಿದ್ದರಂತೆ. ಹೀಗೆ ಮೂರು ವರ್ಷ ಕಳೆಯಿತು. ಆ ವರ್ಷಗಳಲ್ಲಿ ಅವರು ಕತೆ ಕವಿತೆ ಎಂದು ಒಂದು ಸಾಲನ್ನೂ ಬರೆಯಲಿಲ್ಲ. ಮನು ಬರೆಯುವುದನ್ನು ಮಾತ್ರ ಬಿಡಲಿಲ್ಲ.

ನಿವೃತ್ತಿಯ ಸಮಾರಂಭಕ್ಕೆ ಅಕ್ಕನನ್ನು ಕರೆಯಲು ಹೋದಾಗ, “ಆಗ್ಲಿ, ಬತ್ತೀನಿ ಮೇಷ್ಟ್ರೆ” ಎಂಬ ಉತ್ತರ ಬಂತು. ಬರುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಸಮಾರಂಭಕ್ಕೆ ಆರು ದಿನ ಉಳಿದಿರುವಾಗ, ಭಾನುವಾರ ಬೆಳಿಗ್ಗೆಯ ಬಸ್ಸಿಗೆ, ಮೇಷ್ಟ್ರು ಪುಸ್ತಕ ಹಿಡಿದು ನನ್ನನ್ನೂ ಕರೆದುಕೊಂಡು ಮತ್ತೆ ಗೆಟ್ಟವಾಡಿಗೆ ಹೊರಟರು. ಹಾಳು ಮಾಡಿದವಳೂ ಜೊತೆಗಿರಲಿ ಎಂದು ನಕ್ಕರು. ಚಾಪೆಯ ಮೇಲೆ ಕೂರದೆ ಅಕ್ಕನ ಎದುರು ನೆಲದ ಮೇಲೆ ಕುಳಿತರು. ಕೇಳುತ್ತೀಯಾ ಎಂದು ಕೇಳದೆ ಮೊದಲ ಪುಟದಿಂದ ಓದತೊಡಗಿದರು.

ಪಾಠ ಹೇಳುವ ದನಿ ಅದಾಗಿರಲಿಲ್ಲ. ‘ಕೋಳಿ ಕೂಗುವ ಮೊದಲೇ ಬಾವಿಗೆ ಇಳಿದವಳು’ ಎಂಬಲ್ಲಿಗೆ ಬಂದಾಗ ಓದು ನಿಲ್ಲಿಸಿದರು. ಮುಂದಿನ ಪದ ‘ನೀರಿನವಳು’. ಅದನ್ನು ಆ ಮುಖದ ಎದುರಿಗೆ ಉಚ್ಚರಿಸಲು ಅವರಿಂದ ಆಗಲಿಲ್ಲ.

ಪುಟ್ಟನಂಜಮ್ಮನವರು ಎತ್ತಲೋ ನೋಡುತ್ತಿದ್ದವರು ತಿರುಗಿದರು. ಖಾಲಿ ಬಿಟ್ಟ ಜಾಗ ಕಂಡರೆ ಸೊಲ್ಲೆತ್ತುವವರ ನಾಲಿಗೆ ಸುಮ್ಮನಿರಲಾರದು. “ಚಿಕ್ಬಸಪ್ಪನ್ ಮಗಳು ಪುಟ್ನಂಜಿ” ಎಂದರು, ಹಾಡಿನಲ್ಲಿ ಹಾಕುವಂತೆಯೇ ಕೊನೆಯನ್ನು ಸ್ವಲ್ಪ ಎಳೆದು. ಆಮೇಲೆ, “ಓದ್ಲಾ, ಯಾಕ್ ನಿಂತ್ಕಂಡಯ್? ನೀ ಓದು. ಎಸ್ರ ನಾ ಆಕ್ತೀನಿ.”

ಮೇಷ್ಟ್ರು ಓದಿದರು. ಸಂಕೇತ ಬಂದಲ್ಲೆಲ್ಲ ಅವರು ನಿಲ್ಲುವುದು, ಅಕ್ಕ ಹೆಸರು ಹಾಕುವುದು. ಕಂಬಳಿಯವನಿಗೆ ಚಿಕ್ಕಬಸಪ್ಪ. ಮಗುವಿಗೆ ರುದ್ರ. ಮಗುವಿನ ನೆರಳು ಉಂಡು ಬಂದ ಮನೆ ಬಂದಾಗ, “ಅದು ಶಿವನಂಜಮ್ಮಯ್ಯನ್ ಮನ. ನೆಳ್ಳೂ ಅಲ್ಲ, ಎಂತದೂ ಅಲ್ಲ. ನೀನೇಯ ಉಂಡ್ಕ ಬತ್ತಿದ್ದೆ, ನಂಗ ಸುಳ್ ಏಳ್ತಿದ್ದೆ” ಎಂದರು ಅಕ್ಕ. ಮೇಷ್ಟ್ರು ಐವತ್ತು ವರ್ಷದ ಮೇಲೆ ಸಿಕ್ಕಿಬಿದ್ದ ಹುಡುಗನಂತೆ ತಲೆ ತಗ್ಗಿಸಿದರು.

ಬಿಸಿಲು ಜಗುಲಿಗೆ ಏರುವ ಹೊತ್ತಿಗೆ ಮೆಟ್ಟಿಲಲ್ಲಿ ಜಾರಿ ಬೀಳುವ ಭಾಗ ಬಂತು. ಕೊಡವನ್ನು ಎದೆಗವಚಿಕೊಂಡವಳು, ಎಂದು ಓದಿ ಮೇಷ್ಟ್ರು ಕಾದರು. ಅಕ್ಕ ಹೆಸರು ಹಾಕಲಿಲ್ಲ.

“ಅದು ನಾನಲ್ಲ” ಎಂದರು.

ನೀನೇ ಅಕ್ಕ, ನನಗೆ ಚೆನ್ನಾಗಿ ನೆನಪಿದೆ, ರಕ್ತ ನೋಡಿ ನಾನು ಅತ್ತಿದ್ದೆ ಎಂದರು ಮೇಷ್ಟ್ರು.

“ನಂಗ ಆ ವಾರ ಜರ. ಮೇಲೇಳಕ್ಕ ಆಯ್ತಿರ್ನಿಲ್ಲ. ನಿಂಗ ನೀರ್ ತಂದೋಳು ದೊಡ್ಡತಾಯಿ, ನಮ್ ಇತ್ಲಾಚ ಮನೆಯೋಳು. ಬಿದ್ದೋಳೂ ಅವಳೇಯ. ನೀ ಮಂಡಿ ನೋಡ್ದ, ಮೊಕ ನೋಡ್ನಿಲ್ಲ.”

ಮೂರು ವರ್ಷ ವಿಮರ್ಶಕರು ಹೊಗಳಿದ, ನಾನು ಎರಡು ವಿಚಾರ ಸಂಕಿರಣಗಳಲ್ಲಿ ಉದ್ಧರಿಸಿದ ಭಾಗ ಅದು. ಮೇಷ್ಟ್ರು ಪುಸ್ತಕವನ್ನು ಮಡಿಲಲ್ಲಿ ಮಗುಚಿ ಹಾಕಿ, ಕಂಡ ಒಳ್ಳೆಯದನ್ನೆಲ್ಲ ನಿನ್ನ ತಲೆಯ ಮೇಲೆ ಇಟ್ಟೆ ಅಕ್ಕ, ಬೇರೆ ಯಾರಿದ್ದರು ನನಗೆ ಎಂದರು. ಅದು ದೂರಲ್ಲ, ಬೇಡಿಕೆಯಂತಿತ್ತು.

“ನಂದಲ್ದ ಒಗಳ್ಕ ನಂಗ್ಯಾಕ್ಲಾ?” ಪುಟ್ಟನಂಜಮ್ಮನವರ ದನಿ ಈಗ ಮೆತ್ತಗಾಗಿತ್ತು. “ನಂದ ನಂಗ ಕೊಡು, ಅವಳ್ದ ಅವಳ್ಗ ಕೊಡು. ಜೀರಳ್ಳಿಲಿ ಅವ್ಳ, ಮಗ್ಳ ಮನೇಲಿ. ಬದ್ಕಿರಾಗ್ಲೇ ಓಗಿ ಓದು.”

ಮರುದಿನವೇ ಇಬ್ಬರೂ ಜೀರಹಳ್ಳಿಗೆ ಹೋದರು. ದೊಡ್ಡತಾಯಮ್ಮನವರಿಗೆ ಕಣ್ಣು ಮಂದವಾಗಿದೆ, ಕಿವಿ ಸರಿಯಾಗಿದೆ. ಆ ಪುಟವನ್ನು ಎರಡು ಸಲ ಓದಿಸಿಕೊಂಡು, ಸೀರೆಯನ್ನು ಮಂಡಿಯವರೆಗೆ ಸರಿಸಿ, ಮೇಷ್ಟ್ರ ಕೈಯನ್ನು ಹಿಡಿದು ಗಾಯದ ಕಲೆಯ ಮೇಲೆ ಇರಿಸಿಕೊಂಡರಂತೆ. ಕೊಡ ಮಣ್ಣಿನದಾಗಿತ್ತು, ಒಡೆದರೆ ಅತ್ತೆ ಬೈಯುತ್ತಿದ್ದಳು, ಅದಕ್ಕೇ ಅವಚಿಕೊಂಡೆ ಎಂದು ನಕ್ಕರಂತೆ. ಇದನ್ನು ನನಗೆ ಹೇಳುವಾಗ ಮೇಷ್ಟ್ರ ಮುಖದಲ್ಲಿ, ಶಿಖರ ಕುಸಿದ ಲೇಖಕನ ನೋವನ್ನು ನಾನು ಹುಡುಕಿದೆ. ಅಲ್ಲಿದ್ದದ್ದು ಬರಿಯ ಬೆರಗು.

ಸಮಾರಂಭಕ್ಕೆ ಪುಟ್ಟನಂಜಮ್ಮನವರು ಬಂದರು. ತಮ್ಮನ ಮನೆಯಲ್ಲೇ ಉಂಡರು. ಸಾರಿಗೆ ಉಪ್ಪು ಸಾಲದೆಂದೂ ಹೇಳಿದರು. ಅಂದು ಹಾರ ತುರಾಯಿಗಳ ನಡುವೆ ಮಾತಾಡಲು ನಿಂತ ಮೇಷ್ಟ್ರು ಕಾದಂಬರಿಯ ಎರಡನೆಯ ಮುದ್ರಣದ ಕುರಿತು ಕೇಳಿದವರಿಗೆ ಒಂದೇ ಮಾತು ಹೇಳಿದರು: ಬರೆದದ್ದನ್ನು ತಿದ್ದುವುದಿಲ್ಲ, ಮಗು ಕಂಡದ್ದು ಹಾಗೆಯೇ ಇರಲಿ, ಆದರೆ ಪ್ರತಿ ಅಧ್ಯಾಯದ ಕೆಳಗೆ ಅದರಲ್ಲಿ ನಡೆದಾಡಿದವರ ಹೆಸರುಗಳಿರುತ್ತವೆ.

ಆ ಕೆಲಸ ನಡೆಯುತ್ತಿದೆ. ಪ್ರತಿ ಗುರುವಾರ ಮೇಷ್ಟ್ರು ಪುಸ್ತಕದೊಂದಿಗೆ ಗೆಟ್ಟವಾಡಿಗೆ ಹೋಗುತ್ತಾರೆ. ಒಂದು ಪುಟಕ್ಕೆ ಒಂದು ಬೆಳಗು ಹಿಡಿಯುವುದುಂಟು, ಒಂದು ಹೆಸರಿಗೆ ಮೂರು ಊರು ತಿರುಗುವುದುಂಟು. ಇದನ್ನು ಬರೆಯುವ ಹೊತ್ತಿಗೆ ಐದು ಅಧ್ಯಾಯ ಮುಗಿದಿವೆ, ಹನ್ನೆರಡು ಉಳಿದಿವೆ. ಅಕ್ಕನಿಗೆ ಅರವತ್ತಾರು, ತಮ್ಮನಿಗೆ ಐವತ್ತೆಂಟು, ಇಬ್ಬರಿಗೂ ಅವಸರವಿಲ್ಲ. ಬಾವಿಯ ದಾರಿಯಲ್ಲಿ ಎದುರಾಗಿ, ಯಾರೆಂದು ಇನ್ನೂ ತಿಳಿಯದೆ ಉಳಿದವರು ಬಹಳ ಮಂದಿ ಇದ್ದಾರೆ. ಅವರೆಲ್ಲರನ್ನೂ ಹೆಸರು ಹಿಡಿದು ಕರೆದು ಮುಗಿಯುವಷ್ಟು ಗುರುವಾರಗಳನ್ನು ಶಿವನು ಈ ಇಬ್ಬರಿಗೂ ಕೊಡಲಿ. ಮುಗಿದ ಮೇಲೂ ಒಂದಿಷ್ಟು ಉಳಿಸಲಿ.