ಮೊದಲು ಮೇಲೆ ನೋಡು

ಓನರಮ್ಮನ ಬಲಗೈ ಹೆಬ್ಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಸುಟ್ಟ ಬಜೆಯನ್ನು ಕಲ್ಲಿಗೆ ತೇಯ್ದು, ಆ ಬೆರಳಿನಿಂದಲೇ ಎಳೆಮಕ್ಕಳ ಹೊಕ್ಕುಳ ಸುತ್ತ ಹಚ್ಚಿ ಹಚ್ಚಿ, ಉಗುರಿನ ಸಂದಿಯಲ್ಲಿ ಕೂತ ಕಪ್ಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಮೊದಲ ದಿನ ಅದೇ ಬೆರಳಿನಿಂದ ತಮ್ಮ ಮನೆಯ ಸೂರು ತೋರಿಸಿ, "ಮೊದಲು ಮೇಲೆ ನೋಡು ಕಣ್ಣು" ಅಂದಿದ್ದರು.

ಬಾಡಿಗೆ ಮನೆ ನೋಡಲು ಹೋದವರು ನಲ್ಲಿ ತಿರುಗಿಸಿ ನೋಡುತ್ತಾರೆ, ಬಚ್ಚಲಿಗೆ ಇಣುಕುತ್ತಾರೆ. ಮೇಲೆ ಯಾರು ನೋಡುತ್ತಾರೆ? ನೋಡಿದರೆ, ಹಾಲಿನಲ್ಲಿ ಫ್ಯಾನಿನಿಂದ ಒಂದು ಮಾರು ಆಚೆಗೆ, ಬಳಸಿ ಬಳಸಿ ನುಣುಪಾದ ಕಬ್ಬಿಣದ ಕೊಂಡಿಯೊಂದು ಕಾಣಿಸಿತು. "ತೊಟ್ಟಿಲಿಗೆ. ಮೋಲ್ಡ್ ಹಾಕೋವಾಗ್ಲೇ ನಮ್ಮ ಯಜಮಾನ್ರು ಬಿಡ್ಸಿದ್ದು. ನನ್ನ ಪೋರ್ಷನ್ನಲ್ಲೂ ಇದೆ, ಇಲ್ಲೂ ಇದೆ. ಕೊಂಡಿ ಇಲ್ದಿರೋ ಮನೇಲಿ ಪಾಪು ಎಲ್ಲಿ ಮಲಗ್ಸ್ತೀಯಾ?" ಅಂತ ಕೇಳಿದರು. ನನಗಿನ್ನೂ ಮಗುವೇ ಇರಲಿಲ್ಲ. ಆಸೆಯೊಂದಿತ್ತು, ಅಷ್ಟೆ. ಅದು ನನ್ನ ಮುಖದ ಮೇಲೆ ಬರೆದಿತ್ತೋ ಏನೋ.

ಆಗ ನಾವು ಗಂಡ ಹೆಂಡತಿ ಶಿವಮೊಗ್ಗದ ಗೋಪಾಳದಲ್ಲಿ, ಮಹಡಿ ಮೇಲಿನ ಒಂದೂವರೆ ಕೋಣೆಯಲ್ಲಿದ್ದೆವು. ನಾನು ಸವಳಂಗ ರಸ್ತೆಯ ಟೈಲ್ಸ್ ಅಂಗಡಿಯೊಂದರಲ್ಲಿ ಬಿಲ್ ಬರೆಯುವವಳು. ನನ್ನ ಗಂಡ ಊರೊಳಗಿನ ಒಂದು ಲ್ಯಾಬಿನಲ್ಲಿ. ಮನೆಗೆ ಹತ್ತಬೇಕಾದ ಮೆಟ್ಟಿಲು ಹೊರಗಡೆ, ಕಡಿದು, ಹಿಡಿದುಕೊಳ್ಳಲು ಕಂಬಿಯೂ ಇಲ್ಲದ್ದು. ಬಸುರಿಯಾಗಿ ಅದನ್ನು ಹತ್ತುವುದು ನನ್ನ ಕೈಲಾಗದು ಎಂದು ಬೇರೆ ಮನೆ ಹುಡುಕಿದರೆ, ಓನರುಗಳದ್ದು ಒಂದೇ ಪ್ರಶ್ನೆ: "ಇಬ್ರೇ ಅಲ್ವಾ?" ಹೌದು ಅಂದರೆ ನಗು. "ಮುಂದೆ?" "ದೇವರು ಕೊಟ್ಟಂಗೆ" ಅಂದರೆ ನಗು ಮಾಯ. ಒಬ್ಬರಂತೂ ರಾತ್ರಿ ಮಗು ಅತ್ತರೆ ತಮ್ಮ ಮಗನ ಪರೀಕ್ಷೆಗೆ ತೊಂದರೆ ಅಂದರು. ಹುಟ್ಟದ ಮಗುವಿನ ಅಳು ಅವರಿಗಾಗಲೇ ಕೇಳಿಸಿತ್ತು! ಸವಳಂಗ ರಸ್ತೆಯಲ್ಲೇ ಮುಂದೆ ಮುಂದೆ ಹೋಗಿ ಹೊಸ ಲೇಔಟುಗಳನ್ನೂ ನೋಡಿದೆವು. ಖಾಲಿ ಸೈಟುಗಳ ನಡುವೆ ಒಂಟಿ ಮನೆ, ಸುತ್ತ ನಾಯಿಗಳ ಹಿಂಡು. ನನಗೆ ಅಲ್ಲಿ ಹಗಲಲ್ಲೇ ಭಯವಾಯಿತು.

ಯಾರೋ ಹೇಳಿದರೆಂದು ಭದ್ರಾವತಿಗೆ ಹೋದೆವು. ಕಾಗದನಗರದ ಅಂಚಿನಲ್ಲಿ, ಕಾರ್ಖಾನೆಯಲ್ಲಿ ದುಡಿದವರು ಕಟ್ಟಿಕೊಂಡ ಸಣ್ಣ ಮನೆಗಳ ಸಾಲಿನಲ್ಲಿ ಓನರಮ್ಮನದೊಂದು. ಗಂಡ ತೀರಿಕೊಂಡಿದ್ದರು, ಮಗಳನ್ನು ತುಮಕೂರಿಗೆ ಕೊಟ್ಟಿದ್ದರು. ಮನೆಮಾತು ತಮಿಳು, ಕನ್ನಡ ಮಾತಾಡುವಾಗಲೂ ಎಲ್ಲರೂ ಅವರಿಗೆ ಮುದ್ದಿನ 'ಕಣ್ಣು'. ನಾನು ಅವರನ್ನು ಕೊನೆಯವರೆಗೂ ಓನರಮ್ಮ ಎಂದೇ ಕರೆದೆ.

"ಇಬ್ರೂ ಯಾವ ಶಿಫ್ಟು?" ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರ್ತೀವಿ ಅಂದೆ. "ಹಂಗಾದ್ರೆ ಜನರಲ್ ಶಿಫ್ಟು. ಒಳ್ಳೇದಾಯ್ತು. ಪಾಪು ಆದ್ಮೇಲೆ ಕೆಲ್ಸ ಬಿಡ್ಬೇಡ. ಹೋಗೋವಾಗ ನನ್ನ ಹತ್ರ ಬಿಟ್ಟು ಹೋಗು, ಬರೋವಾಗ ಎತ್ಕೊಂಡು ಹೋಗು. ನಾನಿದೀನಲ್ಲ." ಕಾಗದದ ಮಿಲ್ಲು ಮುಚ್ಚಿ, ಅದರ ಸೈರನ್ ನಿಂತು ವರ್ಷಗಳಾಗಿದ್ದವು. ಓನರಮ್ಮನಿಗೆ ಮಾತ್ರ ಹಾಲು ಬರುವುದು ಫಸ್ಟ್ ಶಿಫ್ಟಿಗೆ, ಸೀರಿಯಲ್ ನೋಡುವುದು ಸೆಕೆಂಡ್ ಶಿಫ್ಟಿನಲ್ಲಿ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಗಂಡ ಗೊಣಗಿದರು. "ಅಲ್ಲ ಮಾರಾಯ್ತಿ, ಕೆಲ್ಸ ಇಬ್ರಿಗೂ ಶಿವಮೊಗ್ಗದಲ್ಲಿ. ದಿನಾ ಈ ಬಸ್ಸಲ್ಲಿ ನೇತಾಡ್ಕೊಂಡು ಬರ್ತೀಯಾ? ಯಾವ್ದೋ ಒಂದು ಕೊಂಡಿ ನೋಡ್ಕೊಂಡು ಊರು ಬಿಡ್ತಾರಾ ಯಾರಾದ್ರೂ?"

"ಕೊಂಡಿ ಅಲ್ರೀ. ಆ ಅಮ್ಮ ಹೇಳಿದ್ದು ಕೇಳಿಸ್ಲಿಲ್ವಾ?"

ನನಗೆ ತಾಯಿಯಿಲ್ಲ. ಅತ್ತೆ ಹಾಸಿಗೆ ಹಿಡಿದ ಮಾವನನ್ನು ಬಿಟ್ಟು ಬರುವಂತಿರಲಿಲ್ಲ. 'ನಾನಿದೀನಲ್ಲ' ಎಂದು ನನಗೆ ಹೇಳಿದವರು ಜಗತ್ತಿನಲ್ಲಿ ಅವರೊಬ್ಬರೇ. ಆ ಒಂದು ಮಾತಿಗೆ ನಾವು ಸಾಮಾನು ಕಟ್ಟಿದೆವು.

ಹೋದ ಮೇಲೆ ಗೊತ್ತಾಯಿತು, ಆ ಕಾಲೊನಿಯ ಎಷ್ಟೋ ಮಕ್ಕಳು ಓನರಮ್ಮನ ಕೊಂಡಿಯಲ್ಲೇ ತೂಗಿಸಿಕೊಂಡು ಬೆಳೆದವರು. ಅವರ ಜೊತೆ ತರಕಾರಿಗೆ ಹೊರಟರೆ ಮುಗಿಯಿತು. ಮೀಸೆ ಹೊತ್ತ ಗಂಡಸರು ಬೈಕು ನಿಲ್ಲಿಸಿ "ಚೆನ್ನಾಗಿದೀರಾಮ್ಮ?" ಅನ್ನುವರು. ಇವರಿಗೆ ಹೆಸರು ಒಂದೂ ನೆನಪಿಲ್ಲ. "ನೀನು ರಾಗಿ ಉಗೀತಿದ್ದೋನಲ್ವಾ?" ಅನ್ನುವರು ನಡುಬೀದಿಯಲ್ಲಿ, ಅವನ ಹೆಂಡತಿಯ ಎದುರಿಗೇ. "ನೀನು ನನ್ನ ಸೆರಗು ಬಾಯಲ್ಲಿ ಇಟ್ಕೊಂಡೇ ಮಲಗ್ತಿದ್ದೆ." ಪಾಪ, ಆತ ಕಿವಿಯವರೆಗೂ ಕೆಂಪಾಗಿ ಹೆಲ್ಮೆಟ್ ಹಾಕಿಕೊಂಡುಬಿಡುತ್ತಿದ್ದ.

ನಾನು ಬಸುರಿಯಾದಾಗ ನನಗಿಂತ ಮೊದಲು ಅವರಿಗೇ ಗೊತ್ತಾಯಿತೆಂದರೂ ಸರಿ. ಅಟ್ಟದ ಮೇಲಿದ್ದ ತೊಟ್ಟಿಲು ಇಳಿಸಿ, ಉಜ್ಜಿ ತೊಳೆದು, ತಮ್ಮ ಹಾಲಿನ ಕೊಂಡಿಗೆ ಕಟ್ಟಿದರು. ಒಂದು ಸಂಜೆ ಕೆಲಸದಿಂದ ಬಂದವಳು ಅವರ ಜೊತೆ ಮಾತಾಡುತ್ತಾ ಸುಮ್ಮನೆ ಅದನ್ನು ತೂಗಿದೆ. "ಏಯ್! ಬಿಡು!" ಎಂದು ಅವರು ಹಾಕಿದ ಕೂಗಿಗೆ ನನ್ನ ಕೈಯಲ್ಲಿದ್ದ ಕಾಫಿ ಚೆಲ್ಲಿತು. "ಬರೀ ತೊಟ್ಟಿಲು ತೂಗ್ಬಾರ್ದು ಕಣ್ಣು. ಯಾವತ್ತೂ ತೂಗ್ಬಾರ್ದು." ಒಳಗೆ ಹೋಗಿ ಒರಳಿನ ಗುಂಡುಕಲ್ಲು ತಂದು, ಮಗುವಿಗೆ ಹೊದೆಸುವಂತೆ ಬಟ್ಟೆ ಸುತ್ತಿ, ಅದರಲ್ಲಿ ಮಲಗಿಸಿದರು. "ಪಾಪು ಬರೋತನಕ ಇದೇ ಪಾಪು." ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ.

ಮಗಳು ಹುಟ್ಟಿದಳು. ಬಾಣಂತನವನ್ನು ಅವರೇ ಮಾಡಿದರು; ನನ್ನ ಹೆತ್ತಮ್ಮ ಇದ್ದಿದ್ದರೂ ಅಷ್ಟು ಬಯ್ಯುತ್ತಿರಲಿಲ್ಲ. ನನ್ನ ರಜೆ ಮುಗಿಯುವುದಕ್ಕೆ ಕೆಲವೇ ದಿನ ಉಳಿದಿದ್ದಾಗ ಒಂದು ಬೆಳಿಗ್ಗೆ ಓನರಮ್ಮ ಬಚ್ಚಲಿನಲ್ಲಿ ಬಿದ್ದರು. ಬಲಭಾಗ ಪೂರ್ತಿ ಹೋಯಿತು. ಮಾತೂ ಹೋಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೆಲವು ದಿನ ಇರಿಸಿಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು.

ತುಮಕೂರಿನಿಂದ ಅವರ ಮಗಳು ಬಂದಳು. ನನಗೆ ದಿಕ್ಕೇ ತೋಚಲಿಲ್ಲ. ಕೆಲಸ ಬಿಟ್ಟರೆ ಮನೆ ನಡೆಯದು, ಬಿಡದಿದ್ದರೆ ಮಗು ಯಾರ ಕೈಗೆ? ಬಿದ್ದು ನರಳುತ್ತಿರುವ ಜೀವದ ಮುಂದೆ ನಿಂತು ನನ್ನ ಮಗುವಿನ ಚಿಂತೆ ಮಾಡುವುದಕ್ಕೆ ನಾಚಿಕೆಯೂ ಆಗುತ್ತಿತ್ತು. ಓನರಮ್ಮ ಎಡಗೈ ಎತ್ತಿ ತೊಟ್ಟಿಲು ತೋರಿಸಿ "ಕ... ಕ..." ಅನ್ನುತ್ತಿದ್ದರು. ಕಣ್ಣು ಅನ್ನುತ್ತಿದ್ದಾರೆಂದು ನನಗೆ ತಿಳಿಯುತ್ತಿತ್ತು. ಅವರ ಮಗಳೇ ಕೊನೆಗೆ ಹೇಳಿದಳು, "ಬಿಟ್ಟು ಹೋಗಿ ಅಕ್ಕ. ನಾನಿರೋತನಕ ನೋಡ್ಕೋತೀನಿ. ಇಲ್ದಿದ್ರೆ ಅಮ್ಮ ಊಟಾನೇ ಮಾಡಲ್ಲ."

ತೊಟ್ಟಿಲಿಗೆ ಒಂದು ಹಗ್ಗ ಕಟ್ಟಿ, ಅದರ ತುದಿಯನ್ನು ಅವರ ಎಡಗೈಗೆ ಕೊಟ್ಟೆವು. ಮಲಗಿದಲ್ಲಿಂದಲೇ ಎಳೆಯುತ್ತಿದ್ದರು, ಬಿಡುತ್ತಿದ್ದರು. ಮಗು ಅತ್ತರೆ ಎತ್ತಿಕೊಳ್ಳಲಾಗದೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಹಗ್ಗ ಇನ್ನೂ ಜೋರಾಗಿ ಎಳೆಯುತ್ತಿದ್ದರು.

ಒಂದು ಸಂಜೆ ನಾನು ಬಂದಾಗ ಅವರ ಮಗಳು ಹಿತ್ತಲಲ್ಲಿ ನನ್ನ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಟ್ಟೆ ತೆಗೆಯುತ್ತಿದ್ದಳು. ಒಳಗೆ ಓನರಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ತಾವಾಗಿ ಮಗ್ಗುಲು ಬದಲಿಸಲು ಅವರಿಗೆ ಆಗುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ಹೋದದ್ದು ಅವರಿಗೆ ಗೊತ್ತಾಗಿರಲಿಲ್ಲ. ಕೈ ಹಗ್ಗ ಎಳೆಯುತ್ತಲೇ ಇತ್ತು. ಬರೀ ತೊಟ್ಟಿಲು ತೂಗುತ್ತಿತ್ತು.

ಹೇಳಲೇ? ಹೇಳಿ ಏನು ಮಾಡಲಿ? ಚಪ್ಪಲಿ ಬಿಟ್ಟು, ಸದ್ದಾಗದಂತೆ ಅಡುಗೆಮನೆಗೆ ಹೋಗಿ ಗುಂಡುಕಲ್ಲು ತಂದೆ. ನನ್ನ ಸೆರಗಿನಲ್ಲೇ ಸುತ್ತಿ ಹಿಡಿದು, ತೊಟ್ಟಿಲು ನನ್ನ ಕಡೆ ಬಂದಾಗ ಮೆಲ್ಲಗೆ ಅದರಲ್ಲಿಟ್ಟೆ. ಹಗ್ಗ ಭಾರವಾದದ್ದು ಅವರಿಗೆ ತಿಳಿಯಿತೋ ಏನೋ, ಕೈ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಎಳೆದರು. ನಾನು ಬಾಗಿಲ ಬಳಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಅವರು ಹೋದದ್ದು ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಫೋನು ಬಂತು. ಸಿಕ್ಕ ಬಸ್ಸು ಹತ್ತಿದೆ. ಅದು ಕಂಡಕಂಡಲ್ಲೆಲ್ಲ ನಿಂತು, ಜನ ಹತ್ತಿಸಿಕೊಂಡು, ಇಳಿಸಿಕೊಂಡು ಹೋಯಿತು. ಯಾರ ಮೇಲೆ ರೇಗಲಿ? ನಾನು ತಲುಪುವಷ್ಟರಲ್ಲಿ ಅವರನ್ನು ಹಾಲಿನಲ್ಲಿ ಮಲಗಿಸಿದ್ದರು. ತೊಟ್ಟಿಲನ್ನು ಯಾರೋ ಬಿಚ್ಚಿ ಮೂಲೆಗಿಟ್ಟಿದ್ದರು. ಬಲಗೈ ಹಿಡಿದುಕೊಂಡು ನೋಡಿದೆ. ಹೆಬ್ಬೆರಳು ಬೆಳ್ಳಗಿತ್ತು. ಯಾವ ಸೋಪಿಗೂ ಹೋಗದ ಕಪ್ಪು, ಬಜೆ ತೇಯದೆ ಮಲಗಿದ್ದ ದಿನಗಳಲ್ಲಿ ಉಗುರಿನ ಜೊತೆ ಬೆಳೆದು, ಕತ್ತರಿಸಿಕೊಂಡು ಹೋಗಿತ್ತು.

ತಿಥಿ ಮುಗಿಸಿ ಅವರ ಮಗಳು ಊರಿಗೆ ಹೊರಟಳು. "ನಂಗೂ ಮನೆ ಮಕ್ಕಳು ಇದಾರೆ ಅಕ್ಕ" ಅಂದಳು, ನಾನು ಏನೂ ಕೇಳುವ ಮೊದಲೇ. ಸಂಬಳವಿಲ್ಲದ ರಜೆ ಹಾಕಿ ಮತ್ತೆ ಮನೆ ಹುಡುಕಿದೆ. ಗೋಪಾಳದಲ್ಲೇ, ಮಕ್ಕಳನ್ನು ನೋಡಿಕೊಳ್ಳುವ ಜಾಗವೊಂದರ ಹತ್ತಿರ, ನೆಲಮಟ್ಟದ ಮನೆ ಸಿಕ್ಕಿತು. ಒಳಗೆ ಕಾಲಿಟ್ಟವಳು ಮೇಲೆ ನೋಡಿದೆ. ನನ್ನ ಗಂಡನೂ ಮೇಲೆ ನೋಡುತ್ತಿದ್ದರು. "ಸೋರಲ್ಲ ಮೇಡಂ, ಹೊಸ ಮನೆ. ಪಿಒಪಿ ಸೀಲಿಂಗ್ ಮಾಡ್ಸಿದೀವಿ, ಲೈಟಿಂಗ್ ನೋಡಿ" ಅಂದ ಮನೆ ತೋರಿಸುವವ. ಬಿಳಿ ಸೂರು, ನುಣ್ಣಗೆ, ಎಲ್ಲೂ ಏನೂ ಇಲ್ಲ. ಚೆನ್ನಾಗಿದೆ ಅಂದೆ. ಬೇರೇನು ಅನ್ನಲಿ?

ಸಾಮಾನು ಕಟ್ಟುತ್ತಿದ್ದ ದಿನ, ನಾವು ಬಿಡುವ ಪೋರ್ಷನ್ ನೋಡಲು ಹೊಸ ಜೋಡಿಯೊಂದು ಬಂತು. ಇಬ್ಬರಿಗೂ ಶಿವಮೊಗ್ಗದಲ್ಲೇ ಕೆಲಸವಂತೆ. ಹುಡುಗ ನಲ್ಲಿ ತಿರುಗಿಸಿ ನೋಡಿದ. ನಾನು ಆ ಹುಡುಗಿಯನ್ನು ಹಾಲಿನ ನಡುವೆ ನಿಲ್ಲಿಸಿ, "ಮೊದಲು ಮೇಲೆ ನೋಡು" ಅಂದೆ. ಅವಳು ಕೊಂಡಿ ನೋಡಿದಳು. ಅರ್ಥವಾಗಿ, ಕೆಂಪಾಗಿ, ಗಂಡನಿಗೆ ಕೇಳಿಸದಂತೆ ನನ್ನ ಹತ್ತಿರ ಬಂದಳು.

"ಅಕ್ಕ, ಇಲ್ಲಿ ಮಗು ನೋಡ್ಕೊಳ್ಳೋಕೆ ಯಾರಾದ್ರೂ ಇದಾರಾ?"

ನನ್ನ ಮಗಳು ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ.

"ಇದ್ರು" ಅಂದೆ.